ಎಗಾದಿ ದ್ವೀಪಗಳಲ್ಲಿ ಅರ್ಧ ದಿನ: ಖಾಸಗಿ ದೋಣಿ, ತಿಳಿನೀರು, ಗಾಳಿಯ ಮರ್ಜಿ

ಯೂರೋಪಿನ ದಕ್ಷಿಣ ತೀರಗಳಿಗೆ ಹೋಗಿಬರುವ ನಮ್ಮವರಲ್ಲಿ ಬಹುಮಂದಿ ಮೆಡಿಟರೇನಿಯನ್ ಸಮುದ್ರವನ್ನು ಕಾಣುವುದು ದಡದ ಮೇಲೆ ನಿಂತು. ಹೋಟೆಲಿನ ಮಹಡಿಯಿಂದಲೋ, ಕಡಲಂಚಿನ ರಸ್ತೆಯಿಂದಲೋ ಅದರ ನೀಲವರ್ಣವನ್ನು ನೋಡಿ, ಒಂದೆರಡು ಛಾಯಾಚಿತ್ರ ತೆಗೆದುಕೊಂಡು, ಸಮುದ್ರದರ್ಶನವಾಯಿತೆಂದು ತೃಪ್ತರಾಗಿ ಹಿಂದಿರುಗುತ್ತಾರೆ. ಆ ಸಮುದ್ರದ ವಿಶೇಷವಾದರೋ ನೀರಿನ ಮೇಲ್ಮೈಗಿಂತ ಎರಡು ಮಾರು ಕೆಳಗೆ ಆರಂಭವಾಗತಕ್ಕದ್ದು. ಅದನ್ನು ಕಾಣಲು ಆಳಕ್ಕೆ ಮುಳುಗುವ ವಿದ್ಯೆ ಬೇಕಿಲ್ಲ, ಗಾಳಿ ತುಂಬಿದ ಸಿಲಿಂಡರು ಬೇಕಿಲ್ಲ; ಮುಖಕ್ಕೆ ಸರಿಯಾಗಿ ಕೂರುವ ಒಂದು ಮಾಸ್ಕು, ಉಸಿರಾಡಲು ಒಂದು ಕೊಳವೆ, ಕಾಲಿಗೊಂದು ಜೊತೆ ಫಿನ್ನು, ಒಂದು ಸಣ್ಣ ದೋಣಿ, ಆ ದೋಣಿಯನ್ನು ನಡೆಸುವ ವಿವೇಕಿಯಾದ ಒಬ್ಬ ಚಾಲಕ, ಇಷ್ಟಿದ್ದರೆ ಸಾಕು. ನಾಲ್ಕು ಗಂಟೆಯ ಅವಧಿಗೆ ಖಾಸಗಿಯಾಗಿ ದೋಣಿ ಗೊತ್ತುಮಾಡಿಕೊಂಡು ದ್ವೀಪಗಳ ಸುತ್ತ ಸ್ನಾರ್ಕೆಲಿಂಗ್ ಮಾಡಿಬರುವ ಏರ್ಪಾಡು ಆ ಸಮುದ್ರದ ಅನೇಕ ಕಡೆಗಳಲ್ಲಿ ಉಂಟು. ಇಲ್ಲಿ ನಾವು ಆರಿಸಿಕೊಂಡಿರುವುದು ಇಟಲಿಯ ಸಿಸಿಲಿಯ ಪಶ್ಚಿಮ ತುದಿಗೆ ಎದುರಾಗಿರುವ ಎಗಾದಿ ದ್ವೀಪಗಳನ್ನು. ಇಂಥ ವಿಹಾರದ ಬಗೆಗೆ ಹೇಳಬೇಕಾದ ಮುಖ್ಯ ಮಾತು ಒಂದೇ: ಅರ್ಧ ದಿನದಲ್ಲಿ ಎಷ್ಟು ಸ್ಥಳ ನೋಡಿದೆವೆಂಬುದು ಲೆಕ್ಕವಲ್ಲ, ಆ ದಿನದ ಗಾಳಿ ಯಾವ ಮಗ್ಗುಲನ್ನು ಶಾಂತವಾಗಿ ಬಿಟ್ಟಿದೆಯೋ ಅಲ್ಲಿ ಎಷ್ಟು ಹೊತ್ತು ನೆಮ್ಮದಿಯಾಗಿ ನೀರಿನಲ್ಲಿದ್ದೆವೆಂಬುದೇ ಲೆಕ್ಕ.

ದ್ವೀಪಗಳ ಪರಿಚಯ

ಎಗಾದಿ ಸಮೂಹದಲ್ಲಿ ಜನವಸತಿಯುಳ್ಳ ದ್ವೀಪಗಳು ಮೂರು: ಫಾವಿನ್ಯಾನ, ಲೇವಂಜೊ ಮತ್ತು ಮರೆತ್ತಿಮೊ. ಸಿಸಿಲಿಯ ತ್ರಾಪಾನಿ ಬಂದರಿನಿಂದ ಹೈಡ್ರೋಫಾಯಿಲ್ ಎಂಬ ವೇಗದ ಹಡಗಿನಲ್ಲಿ ಫಾವಿನ್ಯಾನಕ್ಕೆ ಅರ್ಧ ಗಂಟೆಯಿಂದ ನಲವತ್ತು ನಿಮಿಷದ ದಾರಿ. ವಿಮಾನದಲ್ಲಿ ಬರುವವರಿಗೆ ತ್ರಾಪಾನಿಯ ಸಮೀಪದಲ್ಲೇ ಬಿರ್ಜಿ ನಿಲ್ದಾಣವಿದೆ; ಪಲೆರ್ಮೊ ನಿಲ್ದಾಣದಿಂದಲೂ ರಸ್ತೆಯಲ್ಲಿ ಬರಬಹುದು. ಮೂರರಲ್ಲಿ ದೊಡ್ಡದಾದ ಫಾವಿನ್ಯಾನವು ಸುಮಾರು 20 ಚದರ ಕಿಲೋಮೀಟರಿನ ತಗ್ಗುನೆಲ. ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರವೆಂದು ಅಲ್ಲಿಯವರು ವರ್ಣಿಸುವ ಆ ನೆಲದ ನಡುವೆ ಸಾಂತಾ ಕತೆರೀನ ಎಂಬ ಒಂದೇ ಗುಡ್ಡ 314 ಮೀಟರು ಎತ್ತರಕ್ಕೆ ಎದ್ದು, ತಲೆಯ ಮೇಲೊಂದು ಹಳೆಯ ಕೋಟೆಯನ್ನು ಹೊತ್ತು ನಿಂತಿದೆ. ಲೇವಂಜೊ ಮೂರರಲ್ಲಿ ಕಿರಿದು. ಒಂದು ಪುಟ್ಟ ಬಂದರು, ಅದರ ಸುತ್ತ ಬಿಳಿಯ ಮನೆಗಳು, ಹಿಂದೆ ಗುಡ್ಡ, ಇಷ್ಟೇ ಊರು. ಮರೆತ್ತಿಮೊ ಇವೆರಡಕ್ಕಿಂತ ದೂರದ, ಕಡಿದಾದ ಪರ್ವತದ್ವೀಪ. ಅರ್ಧ ದಿನದ ವಿಹಾರದಲ್ಲಿ ಅದನ್ನು ಸೇರಿಸಿಕೊಳ್ಳುವ ಆಸೆಯನ್ನು ಬಿಡುವುದು ಲೇಸು.

ಈ ನೀರಿಗೆ ಚರಿತ್ರೆಯ ಭಾರವೂ ಉಂಟು. ಕ್ರಿಸ್ತಪೂರ್ವ 241ರ ಮಾರ್ಚಿ ತಿಂಗಳಲ್ಲಿ ರೋಮನರ ನೌಕಾಪಡೆಯು ಕಾರ್ಥೇಜಿನ ನೌಕಾಪಡೆಯನ್ನು ಇಲ್ಲಿಯೇ ಸೋಲಿಸಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದಿದ್ದ ಮೊದಲನೆಯ ಪ್ಯೂನಿಕ್ ಯುದ್ಧವನ್ನು ಮುಗಿಸಿತು. ಶತ್ರುವಿನ ಹಡಗನ್ನು ಇರಿಯುವುದಕ್ಕಾಗಿ ನೌಕೆಯ ಮೂತಿಗೆ ತೊಡಿಸುತ್ತಿದ್ದ ಕಂಚಿನ ಕೊಂಬುಗಳು ಲೇವಂಜೊದ ವಾಯವ್ಯಕ್ಕೆ ಕಡಲತಳದಲ್ಲಿ ಈ ಶತಮಾನದಲ್ಲಿ ಒಂದೊಂದಾಗಿ ದೊರೆತು, ಈಗ ಅವುಗಳ ಸಂಖ್ಯೆ ಇಪ್ಪತ್ತನ್ನು ಮೀರಿದೆ. ಫಾವಿನ್ಯಾನದ ಬಂದರಿನ ಎದುರಿಗೇ ಕಾಣುವ ವಿಶಾಲವಾದ ಕಲ್ಲುಕಟ್ಟಡವು ಫ್ಲೋರಿಯೊ ಮನೆತನದ ಟ್ಯೂನ ಮೀನಿನ ಕಾರ್ಖಾನೆ. 1874ರಲ್ಲಿ ಇಗ್ನಾತ್ಸಿಯೊ ಫ್ಲೋರಿಯೊ ಈ ದ್ವೀಪಗಳನ್ನೇ ಕೊಂಡು, ಮೀನನ್ನು ಎಣ್ಣೆಯಲ್ಲಿಟ್ಟು ಡಬ್ಬಿಯಲ್ಲಿ ಮುಚ್ಚುವ ಉದ್ಯಮವನ್ನು ಇಲ್ಲಿ ಬೆಳೆಸಿದನು. ಬಲೆಯ ಕೋಣೆಗಳಲ್ಲಿ ಟ್ಯೂನವನ್ನು ಕೂಡಿಹಾಕಿ ಹಿಡಿಯುವ 'ಮತ್ತಾಂಜ' ಎಂಬ ಪ್ರಾಚೀನ ಪದ್ಧತಿ 2007ರಲ್ಲಿ ಕೊನೆಯ ಬಾರಿ ನಡೆದು ನಿಂತಿತು. ಕಾರ್ಖಾನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಬೆಳಗ್ಗೆ ದೋಣಿಯಲ್ಲಿ ಹೋಗಿಬಂದವರು ಸಂಜೆ ಅಲ್ಲಿಗೆ ಹೋದರೆ ದಿನ ಪೂರ್ಣವಾಗುತ್ತದೆ.

ನೀರೇಕೆ ಇಷ್ಟು ತಿಳಿ

ಮೊದಲ ಬಾರಿ ಇಲ್ಲಿ ನೀರಿಗಿಳಿದವರಿಗೆ ಆಶ್ಚರ್ಯವಾಗುವುದು ನೀರಿನ ಪಾರದರ್ಶಕತೆಯಿಂದ. ಹತ್ತು ಹದಿನೈದು ಮೀಟರು ಕೆಳಗಿನ ಮರಳಿನ ಮೇಲೆ ತಮ್ಮದೇ ದೋಣಿಯ ನೆರಳು ಬಿದ್ದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕೆ ಕಾರಣ ಸಮುದ್ರದ ಸಮೃದ್ಧಿಯಲ್ಲ, ಬಡತನ. ಮೆಡಿಟರೇನಿಯನ್ನಿಗೆ ನದಿಗಳಿಂದಲೂ ಮಳೆಯಿಂದಲೂ ಬರುವ ನೀರಿಗಿಂತ ಆವಿಯಾಗಿ ಹೋಗುವ ನೀರು ಹೆಚ್ಚು. ಆ ಕೊರತೆಯನ್ನು ತುಂಬಲು ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಅಟ್ಲಾಂಟಿಕ್ಕಿನ ಮೇಲ್ಪದರದ, ಪೋಷಕಾಂಶ ಕಡಮೆಯಾದ ನೀರು ಒಳಕ್ಕೆ ಹರಿಯುತ್ತದೆ, ಪೋಷಕಾಂಶ ಹೊತ್ತ ಉಪ್ಪುಭಾರದ ನೀರು ತಳದಿಂದ ಹೊರಕ್ಕೆ ಹೋಗುತ್ತದೆ. ಪೋಷಕಾಂಶ ಕಡಮೆಯಾದಲ್ಲಿ ತೇಲುಸಸ್ಯಗಳು ಕಡಮೆ. ಅವು ಕಡಮೆಯಾದಲ್ಲಿ ನೀರು ತಿಳಿ. ಆದಕಾರಣ ಇಲ್ಲಿ ದೃಷ್ಟಿಗೆ ದೂರ ಸಿಕ್ಕೀತು, ಆದರೆ ಉಷ್ಣವಲಯದ ಕಡಲಿನಂತೆ ಮೀನಿನ ಜಾತ್ರೆಯಾಗಲಿ ಹವಳದ ತೋಟವಾಗಲಿ ಸಿಕ್ಕುವುದಿಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಅಲ್ಲಿಯ ಬಂಡೆಗಳ ಸುತ್ತ ಮೀನಿನ ಗುಂಪುಗಳನ್ನು ಕಂಡುಬಂದಿರುವ ಕನ್ನಡಿಗರು, ಅದೇ ನಿರೀಕ್ಷೆಯನ್ನು ಹೊತ್ತು ಇಲ್ಲಿಗೆ ಬರಬಾರದು. ಇಲ್ಲಿ ನೋಡಬೇಕಾದ್ದು ಬೆಳಕು, ಬಂಡೆಗಳ ರಚನೆ, ಕಡಲಹುಲ್ಲಿನ ಬಯಲು ಮತ್ತು ಅವುಗಳಲ್ಲಿ ಅಡಗಿ ಬಾಳುವ ಸಣ್ಣ ಜೀವಗಳು.

ಇನ್ನು ಮೂರು ವ್ಯತ್ಯಾಸಗಳನ್ನೂ ತಿಳಿದಿರಬೇಕು. ಇಲ್ಲಿಯ ನೀರಿನಲ್ಲಿ ಲೀಟರಿಗೆ ಸುಮಾರು 38 ಗ್ರಾಂ ಉಪ್ಪಿರುವುದರಿಂದ ದೇಹ ಇನ್ನಷ್ಟು ಸುಲಭವಾಗಿ ತೇಲುತ್ತದೆ. ಭರತ ಇಳಿತಗಳ ಅಂತರ ಒಂದು ಮೊಳಕ್ಕೂ ಕಡಮೆಯಾದ್ದರಿಂದ ಭರತದ ವೇಳಾಪಟ್ಟಿಯನ್ನು ನೋಡುವ ಅಗತ್ಯ ಬೀಳುವುದಿಲ್ಲ. ಆದರೆ ನೀರು ನಮ್ಮ ಅರಬ್ಬೀ ಸಮುದ್ರದಷ್ಟು ಬೆಚ್ಚಗಿರದು. ಮೇ ತಿಂಗಳಲ್ಲಿ ಅದು ಸುಮಾರು 18 ಡಿಗ್ರಿ ಸೆಲ್ಸಿಯಸ್, ಜೂನಿನಲ್ಲಿ 21, ಆಗಸ್ಟಿನಲ್ಲಿ 25 ರಿಂದ 26, ಸೆಪ್ಟೆಂಬರಿನಲ್ಲಿ 24ರ ಆಸುಪಾಸು. ಕಾರವಾರದ ಕಡಲಲ್ಲಿ ಗಂಟೆಗಟ್ಟಲೆ ಈಜಿ ರೂಢಿಯಾದವನೂ ಜೂನಿನಲ್ಲಿ ಇಲ್ಲಿ ಮುಕ್ಕಾಲು ಗಂಟೆಯೊಳಗಾಗಿ ನಡುಗಲು ತೊಡಗುತ್ತಾನೆ. ಮೊಣಕಾಲು ಮೊಣಕೈವರೆಗಿನ ತೆಳುವಾದ ವೆಟ್‌ಸೂಟು ಇದ್ದರೆ ಆ ಚಳಿ ತಪ್ಪುತ್ತದೆ. ಬಾಡಿಗೆಗೆ ಸಿಕ್ಕುವುದೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಗಾಳಿಯೇ ಯಜಮಾನ

ಸಿಸಿಲಿಯ ಪಶ್ಚಿಮದ ಬೆಸ್ತರಿಗೂ ದೋಣಿಯವರಿಗೂ ಬೆಳಗಿನ ಮೊದಲ ಮಾತು ಗಾಳಿಯದು. ವಾಯವ್ಯದಿಂದ ಬೀಸುವುದು ಮಯೆಸ್ತ್ರಾಲೆ. ಬೇಸಗೆಯಲ್ಲಿ ಹೆಚ್ಚಾಗಿ ಕಾಣುವುದು ಇದೇ. ಆಗ್ನೇಯದಿಂದ, ಆಫ್ರಿಕದ ಮರುಭೂಮಿಯ ಕಾವನ್ನೂ ಒಮ್ಮೊಮ್ಮೆ ಧೂಳನ್ನೂ ಹೊತ್ತು ಬರುವುದು ಶಿರೊಕ್ಕೊ. ಉತ್ತರದ್ದು ತ್ರಮೊಂತಾನ, ಈಶಾನ್ಯದ್ದು ಗ್ರೆಕಾಲೆ, ನೈಋತ್ಯದ್ದು ಲಿಬೆಚ್ಚೊ. ಈ ಐದು ಹೆಸರುಗಳನ್ನು ಅರಿತಿದ್ದರೆ ಚಾಲಕನು ದಾರಿಯನ್ನೇಕೆ ಬದಲಿಸಿದನೆಂಬುದು ತಾನಾಗಿ ತಿಳಿಯುತ್ತದೆ; ಏಕೆಂದರೆ ದ್ವೀಪಗಳ ಸುತ್ತಣ ವಿಹಾರದಲ್ಲಿ ಸೂತ್ರ ಒಂದೇ, ಗಾಳಿಗೆ ಬೆನ್ನು ಮಾಡಿದ ದಡವನ್ನು ಸೇರುವುದು.

ಮಯೆಸ್ತ್ರಾಲೆ ಬೀಸುವ ದಿನ ಫಾವಿನ್ಯಾನದ ದಕ್ಷಿಣ ಮತ್ತು ಆಗ್ನೇಯ ಮಗ್ಗುಲು ಶಾಂತವಾಗಿರುತ್ತದೆ: ಬಿಳಿಯ ಮರಳಿನ ಆಳವಿಲ್ಲದ ಕಾಲಾ ಅಜ್ಜುರ್ರ, ಅದರ ಪಶ್ಚಿಮಕ್ಕೆ ಲೀದೊ ಬುರ್ರೋನೆ ಎಂಬ ಮರಳಿನ ದಂಡೆ. ಲೇವಂಜೊದಲ್ಲಾದರೆ ಪೂರ್ವದ ಮಗ್ಗುಲಿನ ಕಾಲಾ ಫ್ರೆದ್ದ, ಪೈನ್ ಮರಗಳ ತೋಪಿನ ಕೆಳಗಿನ ಕಾಲಾ ಮಿನ್ನೋಲ ಆ ದಿನಕ್ಕೆ ತಕ್ಕವು. ಶಿರೊಕ್ಕೊ ಅಥವಾ ಲಿಬೆಚ್ಚೊ ಎದ್ದ ದಿನ ಲೆಕ್ಕ ತಿರುಗಿಬೀಳುತ್ತದೆ: ಆಗ ಫಾವಿನ್ಯಾನದ ಉತ್ತರ ಮಗ್ಗುಲೇ ಗತಿ, ಅದರಲ್ಲಿಯೂ ಹೆಸರಾಂತ ಕಾಲಾ ರೊಸ್ಸ. ಈ ಕೊಲ್ಲಿಯ ಸುತ್ತ ಕಾಣುವ ಚೌಕಚೌಕವಾದ ಗೋಡೆಗಳೂ ಗವಿಗಳೂ ಪ್ರಕೃತಿಯ ಕೆಲಸವಲ್ಲ. ಮೃದುವಾದ ಸುಣ್ಣಕಲ್ಲನ್ನು ಕಟ್ಟಡಗಳಿಗಾಗಿ ತಲೆಮಾರುಗಳ ಕಾಲ ಕೊಯ್ದ ಕಲ್ಲುಗಣಿಗಳ ಉಳಿಕೆ ಅವು. ಕ್ರಿಸ್ತಪೂರ್ವದ ಆ ನೌಕಾಯುದ್ಧದ ರಕ್ತದಿಂದ ಕೊಲ್ಲಿಗೆ ಕೆಂಪೆಂಬ ಹೆಸರು ಬಂತೆಂದು ಊರಿನವರ ಐತಿಹ್ಯ. ನೀರಂತೂ ಹಸಿರು ಬೆರೆತ ನೀಲಿ. ಅಲ್ಲಿಂದ ಅನತಿದೂರದ ಬೂಯೆ ಮರೀನೊ ಎಂಬಲ್ಲಿಯೂ ಇಂಥವೇ ಕಲ್ಲುಗಣಿಗಳು. ಆದರೆ ತ್ರಮೊಂತಾನವೋ ಗ್ರೆಕಾಲೆಯೋ ಬೀಸಿದಾಗ ಈ ಈಶಾನ್ಯ ಭಾಗಕ್ಕೆ ಅಲೆಯು ನೇರವಾಗಿ ಅಪ್ಪಳಿಸುತ್ತದೆ. ಛಾಯಾಚಿತ್ರದಲ್ಲಿ ಕಂಡ ಕಾಲಾ ರೊಸ್ಸವೇ ಬೇಕೆಂದು ಅಂದು ಹಟ ಮಾಡುವುದು ತಕ್ಕುದಲ್ಲ.

ಹೊತ್ತಿನ ಆಯ್ಕೆಯೂ ಗಾಳಿಗೆ ಸಂಬಂಧಿಸಿದ್ದೇ. ಬೇಸಗೆಯಲ್ಲಿ ನೆಲ ಕಾದಂತೆಲ್ಲ ಮಧ್ಯಾಹ್ನದ ಕಡಲಗಾಳಿ ಬಲಿಯುತ್ತದೆ. ಬೆಳಗಿನ ನೀರು ಸಾಮಾನ್ಯವಾಗಿ ಶಾಂತ. ಒಂಬತ್ತರಿಂದ ಒಂದರವರೆಗಿನ ಅವಧಿಯನ್ನು ಆರಿಸಿಕೊಂಡರೆ ಶಾಂತಿಯೂ ದೊರೆತು, ಹತ್ತು ಗಂಟೆಯ ಮೇಲೆ ನೀರಿನೊಳಕ್ಕೆ ಇಳಿಯುವ ಎತ್ತರದ ಬಿಸಿಲೂ ದೊರೆಯುತ್ತದೆ. ತಿಂಗಳುಗಳಲ್ಲಿ ಜೂನಿನ ಉತ್ತರಾರ್ಧವೂ ಸೆಪ್ಟೆಂಬರೂ ಪ್ರಶಸ್ತ. ಆಗಸ್ಟ್ 15ರ ಫೆರ್ರಗೋಸ್ತೊ ಹಬ್ಬದ ಆಸುಪಾಸಿನ ವಾರಗಳಲ್ಲಿ ಇಟಲಿಯೇ ರಜೆಯಲ್ಲಿರುವುದರಿಂದ ಕೊಲ್ಲಿಗಳು ದೋಣಿಗಳಿಂದ ಕಿಕ್ಕಿರಿಯುತ್ತವೆ, ಬಾಡಿಗೆಯೂ ಏರುತ್ತದೆ.

ದೋಣಿ, ಚಾಲಕ, ಕರಾರು

ಬಾಡಿಗೆಗೆ ಸಿಕ್ಕುವ ದೋಣಿಗಳು ಮುಖ್ಯವಾಗಿ ಎರಡು ಬಗೆ. ಗಾಳಿ ತುಂಬಿದ ರಬ್ಬರಿನ ಅಂಚುಳ್ಳ ಗೊಮ್ಮೋನೆ ವೇಗದ್ದು, ನೀರಿಗೆ ಹತ್ತಿರವಿರುವುದರಿಂದ ಇಳಿಯಲು ಹತ್ತಲು ಸುಲಭ. ಆದರೆ ಅಲೆಯಿದ್ದಾಗ ಬೆನ್ನು ಸೊಂಟಗಳಿಗೆ ಪೆಟ್ಟು ತಪ್ಪದು. ಮರದ, ಅಥವಾ ಮರದ ಮಾದರಿಯ, ಗೊಜ್ಜೊ ನಿಧಾನದ್ದು. ಕೂರಲು ಸ್ಥಳ ಹೆಚ್ಚು, ತೂಗಾಟ ಮೃದು. ಊರಿಂದ ಬಂದ ತಂದೆತಾಯಿಗಳನ್ನು ಕರೆದುಕೊಂಡು ಹೋಗುವವರಿಗೆ ಗೊಜ್ಜೊವೇ ಹಿತ. ಹತ್ತು ನಿಮಿಷ ಉಳಿಸುವುದಕ್ಕಾಗಿ ಹಿರಿಯರ ಸೊಂಟವನ್ನು ಪಣಕ್ಕಿಡುವುದು ಲಾಭವಲ್ಲ.

ಇಟಲಿಯಲ್ಲಿ 40.8 ಅಶ್ವಶಕ್ತಿಯ ಮಿತಿಯೊಳಗಿನ ಎಂಜಿನ್ನಿನ ಸಣ್ಣ ದೋಣಿಯನ್ನು ದಡದ ಸಮೀಪದಲ್ಲಿ ನಡೆಸಲು ವಯಸ್ಕರಿಗೆ ಲೈಸೆನ್ಸು ಬೇಕಿಲ್ಲ. ಆದ್ದರಿಂದ ಚಾಲಕನಿಲ್ಲದೆ ದೋಣಿಯನ್ನಷ್ಟೇ ಕೊಡುವವರೂ ಇದ್ದಾರೆ, ಅದರ ಬಾಡಿಗೆಯೂ ಕಡಮೆ. ಆದರೆ ಕಾಯಿದೆ ಒಪ್ಪಿದುದೆಲ್ಲವನ್ನೂ ವಿವೇಕ ಒಪ್ಪಬೇಕೆಂದಿಲ್ಲ. ನಮ್ಮ ಕರಾವಳಿಯವರು ತಂಡೇಲನೆಂದು ಕರೆಯುವಂಥ ಅನುಭವಸ್ಥನು ಜೊತೆಗಿದ್ದರೆ ಬಂಡೆಯ ಜಾಡೂ ಗಾಳಿಯ ತಿರುವೂ ಅವನ ಹೊಣೆ. ಎಲ್ಲರೂ ನೀರಿನಲ್ಲಿರುವಾಗ ದೋಣಿಯ ಮೇಲೆ ಒಬ್ಬ ಬಲ್ಲವನು ಉಳಿಯುತ್ತಾನೆಂಬುದೇ ಸ್ನಾರ್ಕೆಲಿಂಗಿಗೆ ಹೋಗುವವರಿಗೆ ಅತ್ಯಂತ ಮುಖ್ಯವಾದ ಅಂಶ.

ಮುಂಗಡ ಕೊಡುವ ಮೊದಲು ಬರೆಹದಲ್ಲಿ ಕೇಳಿಕೊಳ್ಳಬೇಕಾದ ಸಂಗತಿಗಳಿವು: ಹೇಳಿದ ಬಾಡಿಗೆಯಲ್ಲಿ ಇಂಧನ ಸೇರಿದೆಯೇ, ಚಾಲಕನ ಸಂಬಳ ಸೇರಿದೆಯೇ, ದೋಣಿಗೆ ಪರವಾನಗಿಯಿರುವ ಗರಿಷ್ಠ ಜನಸಂಖ್ಯೆ ಎಷ್ಟು, ಮಕ್ಕಳೂ ಆ ಲೆಕ್ಕದಲ್ಲಿ ಬರುವರೇ, ಬಿಸಿಲಿಗೆ ಮೇಲುಹೊದಿಕೆಯುಂಟೇ, ನೀರಿನಿಂದ ಹತ್ತಲು ಏಣಿಯುಂಟೇ, ಶೌಚದ ಅನುಕೂಲವುಂಟೇ, ಮಾಸ್ಕುಗಳು ಮಕ್ಕಳ ಅಳತೆಯಲ್ಲಿಯೂ ಇವೆಯೇ, ಹವೆ ಕೆಟ್ಟರೆ ಹಣ ಹಿಂದಿರುಗುವುದೇ ಅಥವಾ ಬೇರೆ ದಿನ ಕೊಡುವರೇ. ಬಹಳ ಕಡೆ ಇಂಧನದ ಹಣ ಬೇರೆಯಾಗಿರುತ್ತದೆ. ಮರಳಿ ಬಂದ ಮೇಲೆ ಅದರ ವಿಚಾರವಾಗಿ ಚರ್ಚೆ ಬೆಳೆಸುವುದಕ್ಕಿಂತ ಮೊದಲೇ ಮಾತು ತೀರಿಸಿಕೊಳ್ಳುವುದು ಉತ್ತಮ.

ಇನ್ನೊಂದು ಪ್ರಶ್ನೆಯುಂಟು. ಈ ದ್ವೀಪಗಳ ಸುತ್ತಣ ಸುಮಾರು 54,000 ಹೆಕ್ಟೇರು ನೀರು 1991ರಿಂದ ರಕ್ಷಿತ ಸಮುದ್ರಪ್ರದೇಶ. ಇಟಲಿಯ ಇಂಥ ಪ್ರದೇಶಗಳಲ್ಲೆಲ್ಲ ದೊಡ್ಡದು. ಇದನ್ನು ಎ, ಬಿ, ಸಿ, ಡಿ ಎಂಬ ವಲಯಗಳಾಗಿ ವಿಂಗಡಿಸಿದ್ದಾರೆ. ಮರೆತ್ತಿಮೊದ ಪಶ್ಚಿಮದ ಒಂದು ಭಾಗವೂ ಮರಾವೋನೆ ಎಂಬ ಕಲ್ಲುದಿಣ್ಣೆಯ ಸುತ್ತಣ ನೀರೂ ಎ ವಲಯ. ಅಲ್ಲಿಗೆ ವಿಹಾರದ ದೋಣಿಗೂ ಈಜುವವರಿಗೂ ಪ್ರವೇಶವಿಲ್ಲ. ಉಳಿದ ವಲಯಗಳಲ್ಲಿ ಲಂಗರಿಗೂ ಬೋವಾ ಎಂಬ ತೇಲುಗುಂಡಿಗೆ ದೋಣಿ ಕಟ್ಟುವುದಕ್ಕೂ ನಿಯಮಗಳುಂಟು. ನಿಮ್ಮ ದೋಣಿಗೆ ಈ ಪ್ರದೇಶದ ಪರವಾನಗಿ ಇದೆಯೇ, ಲಂಗರನ್ನು ಎಲ್ಲಿ ಇಳಿಸುತ್ತೀರಿ ಎಂದು ಕೇಳಿ. ಮರಳಿನ ಮೇಲೆ ಮಾತ್ರ ಇಳಿಸುತ್ತೇವೆ, ಇಲ್ಲವೇ ಬೋವಾಕ್ಕೆ ಕಟ್ಟುತ್ತೇವೆ ಎಂದು ಯಾರು ಥಟ್ಟನೆ ಉತ್ತರಿಸುತ್ತಾರೋ ಅವರನ್ನು ನಂಬಬಹುದು.

ನಾಲ್ಕು ಗಂಟೆಯ ಹಂಚಿಕೆ

ನಾಲ್ಕು ಗಂಟೆಯೆಂಬುದು ಕಾಗದದ ಮೇಲೆ ದೀರ್ಘವಾಗಿಯೂ ನೀರಿನ ಮೇಲೆ ಅಲ್ಪವಾಗಿಯೂ ತೋರುವ ಅವಧಿ. ಹತ್ತುವುದು, ರಕ್ಷಣಾಜಾಕೆಟ್ಟುಗಳ ಸ್ಥಳ ತಿಳಿಯುವುದು, ಮಾಸ್ಕುಗಳನ್ನು ಮುಖಕ್ಕೆ ಹೊಂದಿಸಿ ನೋಡುವುದು, ಇವುಗಳಿಗೆ ಇಪ್ಪತ್ತು ನಿಮಿಷ ಬೇಕು. ಫಾವಿನ್ಯಾನದ ಬಂದರಿನಿಂದ ಒಳ್ಳೆಯ ಕೊಲ್ಲಿಗೋ, ಜಲಸಂಧಿಯನ್ನು ದಾಟಿ ಲೇವಂಜೊಗೋ ಹೋಗಿಬರುವ ಓಡಾಟಕ್ಕೆ ಒಟ್ಟಿನಲ್ಲಿ ಒಂದು ಗಂಟೆ. ತಿನ್ನುವುದಕ್ಕೂ ಮೈ ಒಣಗಿಸಿ ಬೆಚ್ಚಗಾಗುವುದಕ್ಕೂ ಅರ್ಧ ಗಂಟೆ. ಉಳಿದದ್ದು ಎರಡು ಗಂಟೆಯ ಸುಮಾರು. ಅದನ್ನು ಎರಡು ತಾಣಗಳಿಗೆ ಹಂಚಿದರೆ ಒಂದೊಂದರಲ್ಲಿ ಒಂದು ಗಂಟೆ ನೆಮ್ಮದಿ, ಆರು ತಾಣಗಳಿಗೆ ಹಂಚಿದರೆ ಎಲ್ಲಿಯೂ ನೆಮ್ಮದಿಯಿಲ್ಲ. ಆರು ಕೊಲ್ಲಿಗಳ ಹೆಸರು ಪಟ್ಟಿಮಾಡಿ ಆಕರ್ಷಿಸುವ ಜಾಹೀರಾತಿನಲ್ಲಿ ನಿಮ್ಮ ಸಮಯದ ಬಹುಭಾಗ ಎಂಜಿನ್ನಿಗೆ ಸಲ್ಲುತ್ತದೆ, ಕಣ್ಣಿಗೆ ಅಲ್ಲ.

ಒಂದು ತಾಣ ಬಂಡೆಯದಾಗಿರಲಿ, ಇನ್ನೊಂದು ಮರಳು ಮತ್ತು ಕಡಲಹುಲ್ಲು ಸಂಧಿಸುವ ಕಡೆಯಾಗಿರಲಿ. ಈಜು ಬಾರದವರು ಜೊತೆಯಲ್ಲಿದ್ದರೆ ಕಾಲಾ ಅಜ್ಜುರ್ರದಂಥ ಆಳವಿಲ್ಲದ ಮರಳಿನ ನೀರನ್ನು ಮೊದಲ ತಾಣವಾಗಿ ಮಾಡಿಕೊಳ್ಳಬೇಕು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೊಳವೆಯ ಉಸಿರಾಟವನ್ನು ರೂಢಿಸಿಕೊಂಡವರಿಗೆ ಮುಂದಿನ ತಾಣದಲ್ಲಿ ಭಯವಿರುವುದಿಲ್ಲ. ಲೇವಂಜೊದ ಗ್ರೋತ್ತಾ ದೆಲ್ ಜೆನೊವೇಸೆ ಎಂಬ ಗುಹೆಯಲ್ಲಿ 1949ರಲ್ಲಿ ಬೆಳಕಿಗೆ ಬಂದ ಶಿಲಾಯುಗದ ಕೆತ್ತನೆಗಳೂ ಅನಂತರದ ಕಾಲದ ಟ್ಯೂನ ಮೀನಿನ ಚಿತ್ರವೂ ಇರುವುದು ನಿಜ. ಅವು ನೋಡತಕ್ಕವೆಂಬುದೂ ನಿಜ. ಆದರೆ ಅದಕ್ಕೆ ಕಾವಲುಗಾರನ ಜೊತೆಗೆ ಮೊದಲೇ ಗೊತ್ತುಮಾಡಿಕೊಂಡು ಬೇರೊಂದು ದಿನ ಹೋಗಬೇಕು.

ನೀರಿಗಿಳಿಯುವ ಮುನ್ನ

ಮಾಸ್ಕಿನ ಪರೀಕ್ಷೆ ಹೀಗೆ: ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರನ್ನು ಒಳಕ್ಕೆಳೆದು ಕೈ ಬಿಡಬೇಕು, ಕೆಳಗೆ ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮದು, ಜಾರಿದರೆ ಬೇರೊಂದು. ಮೀಸೆಯಿರುವವರಿಗೆ ಮೇಲ್ತುಟಿಯ ಬಳಿ ನೀರು ಸೋರುವುದು ಸಹಜ. ಅಲ್ಲಿ ಸ್ವಲ್ಪ ವ್ಯಾಸಲೀನು ಸವರಿದರೆ ಸೋರಿಕೆ ತಗ್ಗುತ್ತದೆ. ಪಟ್ಟಿಯನ್ನು ಬಿಗಿದಷ್ಟೂ ಒಳ್ಳೆಯದೆಂಬುದು ತಪ್ಪುಕಲ್ಪನೆ. ಅತಿಯಾಗಿ ಬಿಗಿದರೆ ರಬ್ಬರಿನ ಅಂಚು ಮಡಿಚಿ ನೀರು ಇನ್ನಷ್ಟು ಬರುತ್ತದೆ. ಗಾಜಿನ ಒಳಮಗ್ಗುಲಿಗೆ ಎಂಜಲು ಸವರಿ ಕಡಲನೀರಿನಲ್ಲಿ ಒಮ್ಮೆ ತೊಳೆದರೆ ಮಂಜು ಕಟ್ಟುವುದಿಲ್ಲ. ಮಡಿವಂತರು ಮುಖ ಸಿಂಡರಿಸಬಹುದು, ಆದರೆ ಇಷ್ಟು ಸುಲಭವಾದ ಉಪಾಯ ಬೇರೆಯಿಲ್ಲ. ಕೊಳವೆಗೆ ನೀರು ನುಗ್ಗಿದಾಗ ಗಾಬರಿಯಾಗದೆ, ಬಾಯಿಂದ ಒಮ್ಮೆ ಬಲವಾಗಿ ಊದಿದರೆ ಅದು ಹೊರಕ್ಕೆ ಚಿಮ್ಮುತ್ತದೆ. ಅನಂತರದ ಮೊದಲ ಉಸಿರನ್ನು ಮಾತ್ರ ಮೆಲ್ಲಗೆ ಎಳೆಯಬೇಕು.

ಸುರಕ್ಷತೆಯ ವಿಷಯದಲ್ಲಿ ಸಂಕೋಚಕ್ಕೆ ಎಡೆಯಿರಬಾರದು. ಒಬ್ಬರೇ ಇಳಿಯಬಾರದು, ಜೊತೆಗಾರನು ಕೂಗಳತೆಯಲ್ಲಿರಬೇಕು. ಇಟಲಿಯಲ್ಲಿ ನೀರಿನೊಳಗೆ ಮುಳುಗುವವರು ಕೆಂಪು ನೆಲಕ್ಕೆ ಓರೆಯಾದ ಬಿಳಿಯ ಪಟ್ಟಿಯುಳ್ಳ ಬಾವುಟದ ತೇಲುಗುರುತನ್ನು ಇಟ್ಟುಕೊಂಡು ಅದರಿಂದ 50 ಮೀಟರಿನೊಳಗೆ ಇರಬೇಕು. ಇತರ ದೋಣಿಗಳು ಅದರಿಂದ 100 ಮೀಟರು ದೂರ ನಿಲ್ಲಬೇಕು. ಎಂಜಿನ್ನು ಪೂರ್ತಿ ನಿಂತ ಮೇಲೆಯೇ ಇಳಿಯುವುದು, ಪೂರ್ತಿ ನಿಂತ ಮೇಲೆಯೇ ಹತ್ತುವುದು. ಹೆಚ್ಚು ಹೊತ್ತು ಮುಳುಗಿರುವ ಆಸೆಯಿಂದ ಬಿರಬಿರನೆ ಉಸಿರಾಡಿ ಆಮೇಲೆ ಮುಳುಗುವ ಅಭ್ಯಾಸ ಅಪಾಯಕರ. ಉಸಿರು ಬೇಕೆಂಬ ಎಚ್ಚರಿಕೆ ಮೂಡುವ ಮೊದಲೇ ನೀರಿನೊಳಗೆ ಪ್ರಜ್ಞೆ ತಪ್ಪುವುದುಂಟು. ಈಜು ಬಲ್ಲವರೂ ಬಾರದವರೂ ತೇಲುವ ಜಾಕೆಟ್ಟನ್ನು ತೊಡಬಹುದು. ಕೆಳಗಿನದನ್ನು ನೋಡುವುದಕ್ಕೆ ಅದು ಅಡ್ಡಿಯಲ್ಲ. ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಸಮುದ್ರದ ತುರ್ತಿಗೆ ಇಟಲಿಯ ಕರಾವಳಿ ರಕ್ಷಕಪಡೆಯ ಸಂಖ್ಯೆ 1530. ಸಾಮಾನ್ಯ ತುರ್ತಿಗೆ 112. ಹೊರಡುವ ಮೊದಲೇ ಇವೆರಡನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ನೀರಿನೊಳಗಿನ ಬಯಲು

ಇಲ್ಲಿಯ ಕಡಲತಳದ ನಿಜವಾದ ಸಂಪತ್ತು ಪೊಸಿಡೋನಿಯ ಎಂಬ ಕಡಲಹುಲ್ಲು. ಮೊದಲ ನೋಟಕ್ಕೆ ಪಾಚಿಯೆಂದು ತೋರುವ ಇದು ಪಾಚಿಯಲ್ಲ. ಬೇರು, ಕಾಂಡ, ಎಲೆ, ಹೂವು, ಹಣ್ಣು ಎಲ್ಲವೂ ಇರುವ ಪೂರ್ಣ ಸಸ್ಯ. ಇಲ್ಲಿ ಕಾಣುವ ಇದರ ಜಾತಿ ಈ ಸಮುದ್ರದಲ್ಲಲ್ಲದೆ ಬೇರೆಲ್ಲಿಯೂ ಬೆಳೆಯದು. ಬೆರಳಗಲಕ್ಕಿಂತ ಕಿರಿದಾಗಿ ಒಂದು ಮೀಟರಿನವರೆಗೂ ನೀಳವಾಗುವ ಅದರ ಎಲೆಗಳು ಅಲೆಯ ಲಯಕ್ಕೆ ಎಲ್ಲವೂ ಒಟ್ಟಿಗೆ ಒಂದು ಕಡೆಗೆ ಬಾಗಿ, ಒಟ್ಟಿಗೆ ಮರಳಿ ಏಳುವುದನ್ನು ಮೇಲಿನಿಂದ ತೇಲುತ್ತ ನೋಡುವವನಿಗೆ, ಶ್ರಾವಣದ ಗಾಳಿಗೆ ತೂಗುವ ಭತ್ತದ ಗದ್ದೆಯ ಮೇಲೆ ಹಾರುತ್ತಿರುವೆನೋ ಎಂಬ ಭಾವನೆಯಾಗುತ್ತದೆ. ತಿಳಿನೀರಿನಲ್ಲಿ ಇದು ಸುಮಾರು 40 ಮೀಟರು ಆಳದವರೆಗೂ ಬೆಳೆಯಬಲ್ಲದು. ಮೀನಿನ ಮರಿಗಳಿಗೆ ತೊಟ್ಟಿಲೂ ತಳದ ಮರಳಿಗೆ ಕಟ್ಟೆಯೂ ಇದೇ. ಆದರೆ ಅದು ಅಕ್ಕಪಕ್ಕಕ್ಕೆ ಹಬ್ಬುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರು. ಒಂದು ಲಂಗರು ಒಂದು ಮಧ್ಯಾಹ್ನದಲ್ಲಿ ಕಿತ್ತುಹಾಕಿದ ಗಾಯ ಮಾಯಲು ಒಬ್ಬನ ಆಯುಷ್ಯವೇ ಸಾಲದೆ ಹೋಗಬಹುದು. ಲಂಗರನ್ನು ಎಲ್ಲಿ ಇಳಿಸುತ್ತೀರೆಂಬ ಪ್ರಶ್ನೆಯನ್ನು ಚಾಲಕನಿಗೆ ಕೇಳಬೇಕೆಂದು ಮೇಲೆ ಹೇಳಿದುದು ಇದಕ್ಕಾಗಿ. ದಡದಲ್ಲಿ ಕಂದುಬಣ್ಣದ ಎಲೆಗಳ ರಾಶಿಯನ್ನೂ ನಾರಿನ ಸಣ್ಣ ಚೆಂಡುಗಳನ್ನೂ ಕಂಡು ಕಸವೆಂದು ಮೂಗು ಮುರಿಯಬಾರದು. ಅವು ಈ ಹುಲ್ಲಿನ ಉದುರೆಲೆ ಮತ್ತು ನಾರು, ಚಳಿಗಾಲದ ಅಲೆಯಿಂದ ಮರಳಿನ ದಂಡೆಯನ್ನು ಕಾಯುವ ಹೊದಿಕೆ.

ಹುಲ್ಲಿನ ಅಂಚಿನಲ್ಲಿ ಅಲುಗಾಡದೆ ತೇಲುತ್ತ ಐದು ನಿಮಿಷ ಕಾದರೆ ನಿವಾಸಿಗಳು ಹೊರಬರತೊಡಗುತ್ತಾರೆ. ಬೆಳ್ಳಿಯ ಮೈಗೆ ಚಿನ್ನದ ಗೆರೆಗಳನ್ನೆಳೆದ ಸಾಲ್ಪ ಮೀನುಗಳು ಹಿಂಡಾಗಿ ಬಂದು ಎಲೆಗಳನ್ನು ಮೇಯುತ್ತವೆ. ಬಂಡೆಯ ಬಳಿ ಕಪ್ಪುಗಂದು ಬಣ್ಣದ ಕವಲುಬಾಲದ ಡ್ಯಾಮ್ಸೆಲ್ ಮೀನುಗಳ ಗುಂಪು ನೀರಿನಲ್ಲಿ ತೂಗಿಬಿಟ್ಟಂತೆ ನಿಂತಿರುತ್ತದೆ. ಬೇಸಗೆಯ ಕೊನೆಯಲ್ಲಿ ಅವುಗಳ ಮರಿಗಳು ಬಂಡೆಯ ಸಂದುಗಳಲ್ಲಿ ಮಿಂಚುನೀಲಿಯ ಕಿಡಿಗಳಾಗಿ ಹೊಳೆಯುತ್ತವೆ. ನವಿಲಿನ ಹೆಸರನ್ನು ಹೊತ್ತ ಹಸಿರು ನೀಲಿಯ ರಾಸ್ ಮೀನು ಈ ನೀರಿನ ಅತ್ಯಂತ ವರ್ಣರಂಜಿತ ಪ್ರಜೆ. ಬಂಡೆಯ ಬಿಲದ ಮುಂದೆ ಖಾಲಿ ಚಿಪ್ಪುಗಳ ಸಣ್ಣ ಗುಡ್ಡೆ ಕಂಡರೆ ಒಳಗೆ ಅಷ್ಟಪದಿಯ ಮನೆಯಿರುವ ಸಂಭವವುಂಟು. ಗ್ರೂಪರ್ ಮೀನು ಆಳದ ನೆರಳನ್ನು ಬಯಸುವುದು. ಅದನ್ನು ಕಂಡವರು ಭಾಗ್ಯವಂತರು. ಚಿಪ್ಪನ್ನಾಗಲಿ ಜೀವಿಯನ್ನಾಗಲಿ ಮುಟ್ಟುವುದು, ತೆಗೆಯುವುದು, ಮೀನುಗಳಿಗೆ ಬ್ರೆಡ್ಡು ಎಸೆಯುವುದು, ಇವಾವುವೂ ರಕ್ಷಿತ ನೀರಿನಲ್ಲಿ ಸಲ್ಲವು.

ಕುಟುಕು, ಬಿಸಿಲು, ಬುತ್ತಿ

ಭಯಪಡಬೇಕಾದ ಜೀವಿಗಳು ಇಲ್ಲಿ ಹೆಚ್ಚಿಲ್ಲ, ಎಚ್ಚರದಿಂದಿರಬೇಕಾದವು ಮೂರು. ನಸುನೇರಳೆ ಬಣ್ಣದ ಪೆಲಾಜಿಯ ಎಂಬ ಲೋಳೆಮೀನು ಕುಟುಕಿದರೆ ಉರಿ ತೀವ್ರ. ಆ ಭಾಗವನ್ನು ಕಡಲನೀರಿನಿಂದಲೇ ತೊಳೆಯಬೇಕು, ಸಿಹಿನೀರು ಬೇಡ, ಉಜ್ಜುವುದು ಬೇಡ. ಅಂಟಿದ ಎಳೆಗಳನ್ನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ತೆಗೆದು, ಅಡುಗೆ ಸೋಡವನ್ನು ಕಡಲನೀರಿನಲ್ಲಿ ಕಲಸಿ ಹಚ್ಚಿದರೆ ಉಪಶಮನವಾಗುತ್ತದೆ. ಆಳವಿಲ್ಲದ ಮರಳಿನಲ್ಲಿ ಹುದುಗಿರುವ ವೀವರ್ ಎಂಬ ಮೀನಿನ ಮುಳ್ಳು ತುಳಿದವರಿಗೆ ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಪಾದವನ್ನಿಡುವುದು ಪ್ರಥಮ ಚಿಕಿತ್ಸೆ. ಬಂಡೆಗಳ ಮೇಲಿನ ಸೀ ಅರ್ಚಿನ್ ಎಂಬ ಕಪ್ಪು ಮುಳ್ಳುಜೀವಿಗಳಿಗೆ ರಬ್ಬರಿನ ಜಲಪಾದರಕ್ಷೆಯೇ ಉತ್ತರ.

ಇವೆಲ್ಲಕ್ಕಿಂತ ಹೆಚ್ಚು ಮಂದಿಯನ್ನು ಬಾಧಿಸುವುದು ಬಿಸಿಲು. ಮುಖ ಕೆಳಗೆ ಮಾಡಿ ಒಂದು ಗಂಟೆ ತೇಲುವವರ ಬೆನ್ನೂ ಮೀನಖಂಡಗಳೂ ಅರಿವಿಲ್ಲದಂತೆ ಸುಡುತ್ತವೆ. ನಮ್ಮ ಚರ್ಮಕ್ಕೆ ಏನೂ ಆಗದೆಂಬ ನೆಚ್ಚಿಕೆ ಇಲ್ಲಿ ನಡೆಯದು. ತುಂಬುತೋಳಿನ ಈಜು ಅಂಗಿಯನ್ನು ಧರಿಸುವುದು ಲೇಪಗಳಿಗಿಂತ ಮೇಲು. ಮೈಮುಚ್ಚುವ ಉಡುಪನ್ನು ಬಯಸುವ ಹೆಂಗಸರಿಗೂ ಅದು ಅನುಕೂಲ. ತಲೆಸುತ್ತಿನ ಮಾತ್ರೆಯ ರೂಢಿಯುಳ್ಳವರು ಹೊರಡುವ ಒಂದು ಗಂಟೆ ಮೊದಲೇ ಅದನ್ನು ತೆಗೆದುಕೊಳ್ಳಬೇಕು. ಅಲೆ ಏರಿದ ಮೇಲೆ ನುಂಗಿದ ಮಾತ್ರೆಯಿಂದ ಪ್ರಯೋಜನ ಕಡಮೆ.

ಬುತ್ತಿಗೆ ಸಿಸಿಲಿಯವರ ಪಾನೆ ಕುನ್ಸಾತೊ ಉತ್ತಮ: ಆಗತಾನೆ ಬೆಂದ ದಪ್ಪ ಬ್ರೆಡ್ಡನ್ನು ಸೀಳಿ, ಆಲಿವ್ ಎಣ್ಣೆ ಸುರಿದು, ಟೊಮೇಟೊ, ಒರೆಗಾನೊ, ಗಿಣ್ಣು ತುಂಬಿ ಒತ್ತಿದ ತಿಂಡಿ. ಅದರಲ್ಲಿ ಉಪ್ಪುಹಾಕಿದ ಆಂಚೊವಿ ಮೀನಿನ ತುಂಡುಗಳನ್ನೂ ಸೇರಿಸುವುದು ವಾಡಿಕೆಯಾದ್ದರಿಂದ ಸಸ್ಯಾಹಾರಿಗಳು ಅಂಗಡಿಯಲ್ಲಿ 'ಸೆನ್ಸಾ ಅಚ್ಚೂಗೆ, ಸೆನ್ಸಾ ತೊನ್ನೊ' ಎಂದು ಹೇಳಬೇಕು. ಆಂಚೊವಿ ಬೇಡ, ಟ್ಯೂನ ಬೇಡ ಎಂದು ಅದರ ಅರ್ಥ. ಕುಡಿಯುವ ನೀರು ತಲೆಗೆ ಒಂದೂವರೆ ಲೀಟರಾದರೂ ಇರಲಿ. ಹೊಟ್ಟೆ ತುಂಬ ಉಣ್ಣುವುದನ್ನು ಎರಡನೆಯ ಇಳಿತವಾದ ಮೇಲೆ ಇಟ್ಟುಕೊಳ್ಳುವುದು ಯುಕ್ತ.

ಕೊನೆಯದಾಗಿ ಒಂದು ಸಲಹೆ. ಫಾವಿನ್ಯಾನದಲ್ಲಿ ಎರಡು ರಾತ್ರಿಯಾದರೂ ತಂಗುವಂತೆ ಪ್ರವಾಸವನ್ನು ಯೋಜಿಸಿ, ದೋಣಿಯನ್ನು ಮೊದಲನೆಯ ಬೆಳಗಿಗೆ ಗೊತ್ತುಮಾಡಿಕೊಳ್ಳಿ. ಗಾಳಿ ಅಂದು ಒಪ್ಪದಿದ್ದರೆ ಮರುದಿನದ ಬೆಳಗು ಕೈಯಲ್ಲಿ ಉಳಿದಿರುತ್ತದೆ. ತ್ರಾಪಾನಿಯಲ್ಲಿ ತಂಗಿ, ಅದೇ ದಿನ ಬಂದು ಅದೇ ದಿನ ಹೋಗುವವರಿಗೆ ಆ ಅವಕಾಶವಿಲ್ಲ. ಗಾಳಿ ಜೋರಾದ ದಿನ ಹೈಡ್ರೋಫಾಯಿಲುಗಳೇ ನಿಂತುಹೋಗುವುದೂ ಉಂಟು. ಇಂದು ಹೋಗುವುದು ಬೇಡ ಎಂದು ಚಾಲಕನು ಹೇಳಿದರೆ ವಾದ ಮಾಡದೆ ಒಪ್ಪಿಕೊಳ್ಳಿ. ಬಾಡಿಗೆ ಕಳೆದುಕೊಳ್ಳುವ ಭಯವಿದ್ದೂ ಹಾಗೆ ಹೇಳಬಲ್ಲ ಚಾಲಕನೇ ನೀವು ಹುಡುಕಬೇಕಾದವನು.